ಟ್ರೇಡಿಂಗ್ ಕಾರ್ಡ್ ಟೂರ್ನಿಗೆ ಹೆಸರು ಕೊಡುವ ಮುನ್ನ

ಗೆಳೆಯರ ಜೊತೆ ಪೋಕೆಮಾನ್, ಮ್ಯಾಜಿಕ್ ಅಥವಾ ಯು-ಗಿ-ಓ ಕಾರ್ಡ್ ಆಟ ಆಡಿ ಕೈ ಪಳಗಿದೆ. ಟೂರ್ನಿಗೆ ಹೋಗುವ ಆಸೆಯೂ ಇದೆ. ಆದರೆ ಮೊದಲ ಆಟದಲ್ಲೇ ಸೋತು ವಾಪಸ್ ಬರಬೇಕಾದರೆ? ಆ ಅಳುಕು ಬೇಡ. ಸ್ಥಳೀಯ ಟೂರ್ನಿಗಳು ಹೆಚ್ಚಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಸೋತವರೂ ಮುಂದಿನ ರೌಂಡ್ ಆಡುತ್ತಾರೆ, ತಮ್ಮಷ್ಟೇ ಪಾಯಿಂಟ್ ಇರುವವರ ಎದುರು. 8 ಜನರಿದ್ದರೆ ಸಾಮಾನ್ಯವಾಗಿ 3 ರೌಂಡ್, 16 ಜನರಿದ್ದರೆ 4.

ಮೊದಲು ಫಾರ್ಮ್ಯಾಟ್, ಅಂದರೆ ಯಾವ ಕಾರ್ಡು ನಡೆಯುತ್ತವೆ ಎಂಬ ನಿಯಮ, ಯಾವುದು ಅಂತ ಆಯೋಜಕರನ್ನು ಕೇಳಿ. ಎಲ್ಲ ಕಾರ್ಡುಗಳೂ ಎಲ್ಲ ಕಡೆ ನಡೆಯುವುದಿಲ್ಲ. ಪೋಕೆಮಾನ್‌ನ ಸ್ಟ್ಯಾಂಡರ್ಡ್ ಫಾರ್ಮ್ಯಾಟ್‌ನಲ್ಲಿ ಕಾರ್ಡಿನ ಕೆಳಗೆ ಎಡಮೂಲೆಯಲ್ಲಿರುವ ಪುಟ್ಟ ಇಂಗ್ಲಿಷ್ ಅಕ್ಷರ ನೋಡಬೇಕು. ಹಳೆಯ ಅಕ್ಷರದ ಕಾರ್ಡುಗಳು ಕಾಲಕಾಲಕ್ಕೆ ಹೊರಬೀಳುತ್ತವೆ. ಸ್ವಂತ ಡೆಕ್ಕೇ (ಆಡಲು ಕಟ್ಟಿಕೊಂಡ ಕಾರ್ಡುಗಳ ಕಂತೆ) ಇಲ್ಲದವರಿಗೆ ಮ್ಯಾಜಿಕ್‌ನ ಪ್ರೀರಿಲೀಸ್, ಅಂದರೆ ಹೊಸ ಕಾರ್ಡುಗಳ ಬಿಡುಗಡೆಗೆ ಮುನ್ನ ನಡೆಯುವ ಟೂರ್ನಿ, ಒಳ್ಳೆಯ ದಾರಿ. ಅಲ್ಲಿ 6 ಪ್ಯಾಕ್ ಕೊಡುತ್ತಾರೆ. ಅದರಲ್ಲಿ ಬಂದ ಕಾರ್ಡುಗಳಿಗೆ ಬೇಸಿಕ್ ಲ್ಯಾಂಡ್ (ಬೇರೆ ಕಾರ್ಡು ಆಡಲು ಶಕ್ತಿ ಕೊಡುವ ಮೂಲ ಕಾರ್ಡು) ಸೇರಿಸಿ ಕನಿಷ್ಠ 40 ಕಾರ್ಡಿನ ಡೆಕ್ ಕಟ್ಟಿ ಆಡಬೇಕು. ದುಡ್ಡು ಸುರಿದು ಡೆಕ್ ಮಾಡಿದವರೂ ನೀವೂ ಅಲ್ಲಿ ಒಂದೇ.

ಹಿಂದಿನ ರಾತ್ರಿ ಕಾರ್ಡು ಎಣಿಸಿ. ಪೋಕೆಮಾನ್‌ಗೆ ಸರಿಯಾಗಿ 60. ಮನೆಯಿಂದ ಡೆಕ್ ತರುವ ಮ್ಯಾಜಿಕ್ ಟೂರ್ನಿಗೆ ಸಾಮಾನ್ಯವಾಗಿ ಕನಿಷ್ಠ 60. ಯು-ಗಿ-ಓಗೆ 40ರಿಂದ 60. ಒಂದೇ ಹೆಸರಿನ ಕಾರ್ಡು ಮೊದಲಿನ ಎರಡರಲ್ಲಿ 4, ಯು-ಗಿ-ಓದಲ್ಲಿ 3 ದಾಟುವಂತಿಲ್ಲ. ಪೋಕೆಮಾನ್‌ನ ಬೇಸಿಕ್ ಎನರ್ಜಿ, ಮ್ಯಾಜಿಕ್‌ನ ಬೇಸಿಕ್ ಲ್ಯಾಂಡ್ ಕಾರ್ಡುಗಳಿಗೆ ಈ ಮಿತಿ ಇಲ್ಲ. ಡೆಕ್ ಪಟ್ಟಿ ಬರೆದುಕೊಡಲು ಹೇಳಿದ್ದರೆ ಅದನ್ನು ಕಾರ್ಡುಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ಪಟ್ಟಿ ಒಂದು, ಡೆಕ್ ಇನ್ನೊಂದು ಆದರೆ ದಂಡನೆ ತಪ್ಪಿದ್ದಲ್ಲ.

ಸ್ಲೀವ್ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವಚ) ವಿಷಯದಲ್ಲಿ ಹೊಸಬರು ಉದಾಸೀನ ಮಾಡುವುದು ಜಾಸ್ತಿ. ಡೆಕ್ಕನ್ನು ಬೋರಲಾಗಿಟ್ಟು, ದೀಪದ ಬೆಳಕಲ್ಲಿ ಅಂಚಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಮೂಲೆ ಮಡಿದ ಸ್ಲೀವು, ಬಿಲ್ಲಿನಂತೆ ಬಾಗಿದ ಫಾಯಿಲ್ (ಹೊಳೆಯುವ) ಕಾರ್ಡು ಥಟ್ಟನೆ ಕಾಣುತ್ತವೆ. ಅವು ನಿಮ್ಮ ಮುಖ್ಯ ಕಾರ್ಡುಗಳೇ ಆಗಿದ್ದರೆ ಗುರುತು ಮಾಡಿದ್ದೀರಿ ಅಂತ ಜಡ್ಜ್‌ಗೆ ಅನುಮಾನ ಬರುತ್ತದೆ. ಎಲ್ಲವಕ್ಕೂ ಒಂದೇ ಬಣ್ಣದ ಹೊಸ ಸ್ಲೀವ್ ಹಾಕಿ, ಹತ್ತಿಪ್ಪತ್ತು ಹೆಚ್ಚುವರಿ ಇಟ್ಟುಕೊಳ್ಳಿ.

ಆಟದ ಮೇಜಿನಲ್ಲಿ ಚೆನ್ನಾಗಿ ಷಫಲ್ ಮಾಡಿ ಡೆಕ್ಕನ್ನು ಎದುರಾಳಿಯ ಮುಂದಿಡಿ. ಅವರು ಕಟ್ ಮಾಡಿದರೆ, ಮತ್ತೆ ಕಲಸಿದರೆ ಬೇಜಾರಾಗಬೇಡಿ, ಅದು ನಿಯಮ. ಮ್ಯಾಜಿಕ್, ಯು-ಗಿ-ಓದಲ್ಲಿ ಲೈಫ್ (ಸೊನ್ನೆಯಾದರೆ ಸೋಲುವ ಅಂಕ) ಲೆಕ್ಕವನ್ನು ಪೇಪರ್ ಮೇಲೆ ಬರೆಯುವುದೇ ವಾಸಿ. ದಾಳ ಇಟ್ಟರೆ ಕೈ ತಗಲಿ ಉರುಳುತ್ತದೆ, ಆಮೇಲೆ ಸುಮ್ನೆ ಜಗಳ.

ಗಡಿಯಾರದ ಮೇಲೂ ಕಣ್ಣಿರಲಿ. ಮ್ಯಾಜಿಕ್‌ನಲ್ಲಿ ಮೂರರಲ್ಲಿ ಎರಡು ಗೆಲ್ಲುವ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ 50 ನಿಮಿಷ. ಸಮಯ ಮುಗಿದ ಮೇಲೆ ಹೆಚ್ಚುವರಿ 5 ಸರದಿ ಸಿಗುತ್ತದೆ. ಅಷ್ಟರಲ್ಲೂ ಇಬ್ಬರೂ ಗೆದ್ದ ಆಟಗಳು ಸಮವಾಗಿದ್ದರೆ ಪಂದ್ಯ ಡ್ರಾ. ಗೆಲುವಿಗೆ 3 ಪಾಯಿಂಟ್, ಡ್ರಾಗೆ 1 ಮಾತ್ರ. ಮನೆಯಲ್ಲಿ ಹರಟುತ್ತಾ ಆಡಿ ಅಭ್ಯಾಸವಾದವರು ಒಮ್ಮೆಯಾದರೂ ಅಲಾರಂ ಇಟ್ಟು ಆಡಿ ನೋಡುವುದು ಒಳ್ಳೆಯದು.

ಏನೋ ಎಡವಟ್ಟಾಯಿತು ಅನಿಸಿದರೆ ಕಾರ್ಡು ಅಲುಗಿಸದೆ ಕೈ ಎತ್ತಿ ಜಡ್ಜ್ ಕರೆಯಿರಿ. ಅದು ಚಾಡಿ ಹೇಳಿದಂತಲ್ಲ. ನೀವಿಬ್ಬರೇ ಸರಿಮಾಡಲು ಹೋದರೆ ಗೋಜಲು ಹೆಚ್ಚುತ್ತದೆ. ಇನ್ನೊಂದು ಎಚ್ಚರಿಕೆ, ಇದು ನಿಜಕ್ಕೂ ಗಂಭೀರ. ಮ್ಯಾಜಿಕ್‌ನಲ್ಲಿ ಇಬ್ಬರೂ ಒಪ್ಪಿ ಡ್ರಾ ಮಾಡಿಕೊಳ್ಳಬಹುದು. ಆದರೆ 'ನೀನು ಸೋಲು, ಬಹುಮಾನದಲ್ಲಿ ಪಾಲು ಕೊಡ್ತೀನಿ' ಅನ್ನುವಂತಿಲ್ಲ. ದಾಳ ಉರುಳಿಸಿ ಗೆದ್ದವರು ಯಾರೆಂದು ತೀರ್ಮಾನಿಸುವಂತೆಯೂ ಇಲ್ಲ. ತಮಾಷೆಗೆ ಅಂದರೂ ಟೂರ್ನಿಯಿಂದಲೇ ಹೊರಹಾಕಬಹುದು.

ಪಾಯಿಂಟ್ ಸಮವಾದಾಗ ನಿಮ್ಮ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂಬುದನ್ನು ನೋಡುತ್ತಾರೆ, ಅವರು ಹೆಚ್ಚು ಗೆದ್ದಿದ್ದರೆ ನಿಮ್ಮ ಸ್ಥಾನ ಮೇಲೆ. ಮೊದಲ ರೌಂಡ್ ಸೋತವರಿಗೆ ಆಮೇಲೆ ಸಿಗುವವರೂ ಸೋತವರೇ ಅಲ್ವಾ? ಹಾಗಾಗಿ ಕೊನೆಯ ರೌಂಡಿನ ಸೋಲಿಗಿಂತ ಮೊದಲ ಸೋಲು ಹೆಚ್ಚಾಗಿ ದುಬಾರಿ.

ನಡುವೆ ಹೊರಡಬೇಕಾದರೆ ಮುಂದಿನ ರೌಂಡಿನ ಜೋಡಿ ಪ್ರಕಟವಾಗುವ ಮುನ್ನವೇ ಆಯೋಜಕರಿಗೆ ಹೇಳಿ. ಹೇಳದೆ ಹೋದರೆ ಎದುರಾಳಿ ಖಾಲಿ ಕುರ್ಚಿ ನೋಡುತ್ತಾ ಕೂರಬೇಕಾಗುತ್ತದೆ.