ಹಿಂಡಿದ ನಿಂಬೆ ಹೋಳಿಗೆ ಇನ್ನೂ ಕೆಲಸವಿದೆ

ಚಿತ್ರಾನ್ನಕ್ಕೋ ಪಾನಕಕ್ಕೋ ಹಿಂಡಿದ ನಿಂಬೆ ಹೋಳುಗಳನ್ನು ನಾನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ನಾಲ್ಕೈದು ದಿನ ಕೆಡುವುದಿಲ್ಲ, ಹೆಚ್ಚಾದರೆ ಫ್ರೀಜರ್‌ಗೆ. ನಿಂಬೆರಸದಲ್ಲಿ ಸುಮಾರು 5–6% ಸಿಟ್ರಿಕ್ ಆಮ್ಲ ಇರುತ್ತದೆ. ಹೋಳಿನಲ್ಲಿ ಉಳಿದ ಹುಳಿಯೇ ಎಷ್ಟೋ ಕೆಲಸಕ್ಕೆ ಸಾಕು. ಅದು ಚೆನ್ನಾಗಿ ಬಿಡಿಸುವುದು ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರ, ತಾಮ್ರ ಹಿತ್ತಾಳೆಯ ಕಿಲುಬು, ತುಕ್ಕಿನ ಕಲೆ. ಜಿಡ್ಡಿಗೆ ಸೋಪೇ ಬೇಕು.

ಹಿತ್ತಾಳೆ ದೀಪವನ್ನು ನೇರ ನಿಂಬೆಯಿಂದ ಉಜ್ಜಲು ಹೋಗಬೇಡಿ. ಎಣ್ಣೆ ಪಸೆ ಇದ್ದಷ್ಟು ಹೊತ್ತು ಹುಳಿ ಲೋಹಕ್ಕೆ ತಾಗುವುದೇ ಇಲ್ಲ. ಮೊದಲು ಸೀಗೆಪುಡಿ ಅಥವಾ ಸೋಪಿನಿಂದ ಜಿಡ್ಡು ತೆಗೆದು, ಆಮೇಲೆ ಹೋಳನ್ನು ಪುಡಿ ಉಪ್ಪಿಗೆ ಅದ್ದಿ ಉಜ್ಜಬೇಕು. ಕಲ್ಲುಪ್ಪಾದರೆ ಗೀರು ಬೀಳುತ್ತದೆ. ತಾಮ್ರದ ಚೊಂಬು ಕೈಯಲ್ಲಿರುವಾಗಲೇ ಕೆಂಪಗೆ ತಿರುಗುತ್ತದೆ. ಹಿತ್ತಾಳೆಗೆ ಹುಳಿ ಸವರಿ ನೆನೆಯಲು ಬಿಡಬಾರದು: ಅದರಲ್ಲಿರುವ ಸತು ಕರಗಿ, ತಾಮ್ರ ಮೇಲೆ ಎದ್ದು ಗುಲಾಬಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ಉಜ್ಜಿದ ಕೂಡಲೇ ಧಾರಾಳ ನೀರಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಸಂದಿಯಲ್ಲಿ ಉಪ್ಪು ಹುಳಿ ಉಳಿದರೆ ಬೇಗನೆ ಮತ್ತೆ ಹಸಿರುಗಟ್ಟುತ್ತದೆ. ಕಲಾಯಿ ಹಾಕಿಸಿದ ಪಾತ್ರೆಯ ಒಳಗೆ ಈ ಉಪ್ಪಿನ ಉಜ್ಜಾಟ ಬೇಡ, ಕಲಾಯಿ ಸವೆಯುತ್ತದೆ.

ಅಲ್ಯೂಮಿನಿಯಂ ಇಡ್ಲಿ ಪಾತ್ರೆಯ ತಳದ ನೀರಿಗೆ ಒಂದು ಹೋಳು ಹಾಕಿದರೆ ಒಳಗೆ ಕಪ್ಪಾಗುವುದಿಲ್ಲ. ಹುಣಸೆ ಚೂರು ಹಾಕುವುದೂ ಇದಕ್ಕೇ.

ವಿದ್ಯುತ್ ಕೆಟಲ್‌ಗೆ: ಅರ್ಧ ಲೀಟರ್ ನೀರು, ಎರಡು ಹಣ್ಣಿನ ರಸ ಅಥವಾ ಏಳೆಂಟು ಹೋಳು. ಕುದಿಸಿ, ಆರಿಸಿ, ಅರ್ಧ ಗಂಟೆ ಬಿಡಿ. ಪದರ ಹಕ್ಕಳೆಯಾಗಿ ಎದ್ದು ಬರುತ್ತದೆ. ಕೆಟಲ್ ತುಂಬಾ ನೀರು ತುಂಬಬೇಡಿ, ಸುಣ್ಣ ಹುಳಿಗೆ ತಾಗಿದಾಗ ನೊರೆ ಉಕ್ಕುತ್ತದೆ. ನಲ್ಲಿಯ ಬಾಯಿಯ ಜಾಲರಿಯನ್ನು ಬಿಚ್ಚಿ ರಸದಲ್ಲಿ ಅರ್ಧ ಗಂಟೆ ಮುಳುಗಿಸಿ, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿದರೆ ಧಾರೆ ನೆಟ್ಟಗಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಲೇಪ ಹಾಳಾಗಬಹುದು.

ಎಲ್ಲರೂ ಹೇಳುವ ನಿಂಬೆ-ಅಡುಗೆ ಸೋಡಾ ಮಿಶ್ರಣದಲ್ಲಿ ನನಗೆ ನಂಬಿಕೆಯಿಲ್ಲ. ಬುಸ್ಸೆಂದು ನೊರೆ ಬರುವಾಗಲೇ ಹುಳಿಯೂ ಕ್ಷಾರವೂ ಒಂದರ ಶಕ್ತಿಯನ್ನು ಇನ್ನೊಂದು ಕಳೆದಿರುತ್ತವೆ. ಬೇಕಿದ್ದರೆ ಬೇರೆ ಬೇರೆಯಾಗಿ ಬಳಸಿ. ಬ್ಲೀಚಿಂಗ್ ಪೌಡರ್ ಜೊತೆಗಂತೂ ಎಂದಿಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಅಡುಗೆಕಟ್ಟೆ ಯಾವ ಕಲ್ಲಿನದು ಎಂದು ಮೊದಲು ನೋಡಿಕೊಳ್ಳಿ. ಕಡಪ, ಶಹಾಬಾದ್, ಅಮೃತಶಿಲೆ ಎಲ್ಲವೂ ಸುಣ್ಣದ ಜಾತಿಯ ಕಲ್ಲುಗಳು. ಒಂದು ಹನಿ ರಸ ಬಿದ್ದರೂ ಹೊಳಪು ಹೋಗಿ ಮಸುಕು ಗುರುತು ಉಳಿಯುತ್ತದೆ, ಉಜ್ಜಿದರೆ ಹೋಗುವುದಿಲ್ಲ, ಪಾಲಿಶ್ ಮಾಡಿಸಬೇಕು. ಗ್ರಾನೈಟ್ ತಾಳಿಕೊಳ್ಳುತ್ತದೆ. ಪಳಗಿದ ಕಬ್ಬಿಣದ ದೋಸೆ ಹಂಚಿಗೂ ನಿಂಬೆ ತಾಗಿಸಬೇಡಿ.

ಬಿಳಿ ಹತ್ತಿಬಟ್ಟೆಯ ತುಕ್ಕಿನ ಕಲೆಗೆ ರಸ, ಉಪ್ಪು ಹಾಕಿ ಒಂದೆರಡು ಗಂಟೆ ಬಿಸಿಲಿಗೆ ಹರವಿ, ಜಾಲಿಸಿ. ಬಣ್ಣದ ಬಟ್ಟೆಯಾದರೆ ಬಣ್ಣವೂ ಮಾಸುತ್ತದೆ. ಅರಿಶಿನದ ಕಲೆಗೆ ನಿಂಬೆ ದಂಡ: ಸೋಪಿಗೆ ಕೆಂಪಾದದ್ದನ್ನು ಹಳದಿಗೆ ತಿರುಗಿಸುತ್ತದೆ ಅಷ್ಟೆ, ತೆಗೆಯುವುದು ಬಿಸಿಲು. ಬಟ್ಟೆ ಹರವುವ ಮೊದಲು ಕೈ ತೊಳೆದುಕೊಳ್ಳಿ. ರಸ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತೆ ಬೊಬ್ಬೆ ಬರಬಹುದು.

ಇನ್ನೂ ಮಿಕ್ಕ ಹೋಳು ಬಯೋಎಂಜೈಮ್‌ಗೆ, ಅಂದರೆ ಸಿಪ್ಪೆಯನ್ನು ಬೆಲ್ಲದ ನೀರಲ್ಲಿ ಹುಳಿಸಿ ಮಾಡುವ ಶುಚಿ ದ್ರವಕ್ಕೆ: 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು, ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಆಮೇಲೆ ಸೋಸಿ, ನೀರು ಬೆರೆಸಿ ಟೈಲ್ಸ್ ನೆಲ ಒರೆಸಬಹುದು. ಇದೂ ಹುಳಿಯೇ, ಆದ್ದರಿಂದ ಕಡಪ ಕಲ್ಲಿಗೆ ಬೇಡ. ಉಪ್ಪು ಹಚ್ಚಿ ಉಜ್ಜಿದ ಹೋಳುಗಳನ್ನು ಈ ಬಾಟಲಿಗೆ ಸೇರಿಸಬೇಡಿ.