ಥಾಯ್ಲೆಂಡಿನಲ್ಲಿ ಮೇಷ್ಟ್ರಾಗಿದ್ದೆ, ನಿವೃತ್ತಿಯಾದ ಮೇಲೂ ಇಲ್ಲೇ ಇದ್ದೇನೆ

ಬ್ಯಾಂಕಾಕಿನಲ್ಲಿ ಬಹಳ ವರ್ಷ ಗಣಿತ ಪಾಠ ಮಾಡಿದೆ. ನಿವೃತ್ತಿಯಾದ ಮೇಲೂ ಇಲ್ಲೇ ಇರೋಣ ಅಂತ ನಾನೂ ನನ್ನ ಹೆಂಡತಿಯೂ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು. ಇಲ್ಲಿ ಪಾಠ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ವೀಸಾ ನಿಂತಿರುವುದು ನಿಮ್ಮ ಕೆಲಸದ ಮೇಲೆ. ಪಾಸ್‌ಪೋರ್ಟಿನ ಮುದ್ರೆಯಲ್ಲಿ ಇನ್ನೂ ಎಷ್ಟೋ ತಿಂಗಳು ಬಾಕಿ ಇದ್ದರೂ, ಕೆಲಸದ ಕೊನೆಯ ದಿನವೇ ಆ ಅನುಮತಿಯೂ ಮುಗಿಯುತ್ತದೆ. ಕೇಳಿಕೊಂಡರೆ ಇಮಿಗ್ರೇಷನ್‌ನವರು 7 ದಿನ ಕೊಡುತ್ತಾರೆ. ಅಷ್ಟರಲ್ಲಿ ಹೊಸದಾಗಿ ಏನೂ ಶುರು ಮಾಡೋಕೆ ಆಗಲ್ಲ.

ಅದಕ್ಕೇ ನಾನು ಸಂಬಳ ಬರುತ್ತಿದ್ದಾಗಲೇ ತಯಾರಿ ಶುರು ಮಾಡಿದೆ. 50 ವರ್ಷ ತುಂಬಿದವರಿಗೆ ಇಲ್ಲಿ ನಿವೃತ್ತಿಯ ಆಧಾರದ ಮೇಲೆ ಒಂದೊಂದು ವರ್ಷದ ವಿಸ್ತರಣೆ, ಅಂದರೆ ದೇಶದಲ್ಲಿ ಇರುವ ಅನುಮತಿಯ ಮುಂದುವರಿಕೆ, ಸಿಗುತ್ತದೆ. ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. ಆ ದುಡ್ಡು ಅರ್ಜಿ ಹಾಕುವ 2 ತಿಂಗಳು ಮೊದಲೇ ನಿಮ್ಮ ಹೆಸರಿನ ಖಾತೆಗೆ ಬಂದು ಕೂತಿರಬೇಕು, ವಿಸ್ತರಣೆ ಸಿಕ್ಕ ಮೇಲೆ 3 ತಿಂಗಳು ಅದನ್ನು ಮುಟ್ಟುವಂತಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಹಾಗಾಗಿ ಅದನ್ನು ಖರ್ಚಿನ ದುಡ್ಡು ಅಂದುಕೊಳ್ಳಲೇಬೇಡಿ, ಬೇರೆ ಖಾತೆಯಲ್ಲೇ ಇಡಿ. ಕೆಲಸದ ಆಧಾರದ ಮೇಲಿದ್ದ ಹಳೆಯ ವಿಸ್ತರಣೆ ರದ್ದು ಮಾಡಿಸಲು ಹೋದಾಗ ಪಾಸ್‌ಬುಕ್, ಬ್ಯಾಂಕಿನ ಪತ್ರ ಎಲ್ಲ ಕೈಯಲ್ಲೇ ಇತ್ತು. ದೇಶ ಬಿಟ್ಟು ಹೋಗದೆ ಹೊಸ ವಿಸ್ತರಣೆಗೆ ಬಂದೆ. ಶುಲ್ಕ 1,900 ಬಾತ್.

ಪರ್ಮನೆಂಟ್ ರೆಸಿಡೆನ್ಸಿ, ಅಂದರೆ ಕಾಯಂ ಆಗಿ ಇರುವ ಅನುಮತಿ, ಯಾಕೆ ತಗೊಳ್ಳಲಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಮೇಷ್ಟ್ರುಗಳಿಗೆ ಆ ದಾರಿ ಕೆಲಸದಲ್ಲಿ ಇರುವಾಗ ಮಾತ್ರ ಉಂಟು. ಸತತ 3 ವರ್ಷ ವಿಸ್ತರಣೆ ಪಡೆದಿರಬೇಕು, ತೆರಿಗೆ ಕಟ್ಟಿದ ದಾಖಲೆ ಬೇಕು, ಥಾಯ್ ಭಾಷೆಯಲ್ಲಿ ಮಾತಾಡಬೇಕು. ಒಂದೊಂದು ದೇಶದವರಲ್ಲಿ ವರ್ಷಕ್ಕೆ 100 ಜನರಿಗೆ ಅಷ್ಟೇ ಕೊಡುತ್ತಾರೆ. ಅರ್ಜಿಗೆ 7,600 ಬಾತ್, ಒಪ್ಪಿಗೆ ಸಿಕ್ಕರೆ 1,91,400 ಬಾತ್. ನನ್ನ ಲೆಕ್ಕದಲ್ಲಿ ಅಷ್ಟು ದುಡ್ಡನ್ನು ಆಸ್ಪತ್ರೆ ಖರ್ಚಿಗೆ ಎತ್ತಿಡುವುದೇ ಮೇಲು ಅನ್ನಿಸಿತು. ಆದರೆ ನಿಮಗಿನ್ನೂ ನಲವತ್ತರ ಆಸುಪಾಸು ವಯಸ್ಸಾಗಿದ್ದು, ಸಂಬಳವೂ ಚೆನ್ನಾಗಿದ್ದರೆ ಈಗಲೇ ಯೋಚನೆ ಮಾಡಿ, ಯಾಕಂದರೆ ಕೆಲಸ ಬಿಟ್ಟ ಮೇಲೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಆಸ್ಪತ್ರೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲಸದಲ್ಲಿದ್ದಾಗ ಸೋಷಿಯಲ್ ಸೆಕ್ಯುರಿಟಿ (ಆಸ್ಪತ್ರೆ ಖರ್ಚನ್ನೂ ನೋಡಿಕೊಳ್ಳುವ ಸರ್ಕಾರಿ ವಿಮೆ) ಕಟ್ಟುತ್ತಿದ್ದವರು ಕೆಲಸ ಬಿಟ್ಟ 6 ತಿಂಗಳೊಳಗೆ ಅದರ ಕಾಯ್ದೆಯ ಸೆಕ್ಷನ್ 39ರ ಅಡಿ ತಾವೇ ಕಟ್ಟಿಕೊಂಡು ಮುಂದುವರಿಸಬಹುದು. ನಾನು ಸೇರಿದಾಗ ತಿಂಗಳಿಗೆ 432 ಬಾತ್ ಇತ್ತು. ವಯಸ್ಸಾದವರಿಗೆ ಖಾಸಗಿ ವಿಮೆ ಎಷ್ಟು ದುಬಾರಿ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಕಂತು ಕಟ್ಟುವುದನ್ನು ಮಾತ್ರ ಮರೆಯಬೇಡಿ, ಸತತ 3 ತಿಂಗಳು ತಪ್ಪಿದರೆ ಸದಸ್ಯತ್ವವೇ ಹೋಗುತ್ತದೆ.

90 ದಿನಕ್ಕೊಮ್ಮೆ ಇಮಿಗ್ರೇಷನ್‌ನವರಿಗೆ ವಿಳಾಸ ತಿಳಿಸುವುದು ರೂಢಿಯಾಗಿಬಿಡುತ್ತದೆ. ಊರಿಗೆ ಹೋಗುವಾಗ ರೀ-ಎಂಟ್ರಿ ಪರ್ಮಿಟ್ (ಮರಳಿ ಬರುವ ಅನುಮತಿ) ಇಲ್ಲದೆ ವಿಮಾನ ಹತ್ತಬೇಡಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಅದಿಲ್ಲದೆ ಹೊರಟರೆ ವಿಸ್ತರಣೆಯೇ ಬಿದ್ದುಹೋಗುತ್ತದೆ.

ಇನ್ನು ಮನೆಯವಳ ವಿಷಯ. ಅವಳು ನನ್ನ ಅವಲಂಬಿತಳಾಗಿ ಇರಬಹುದಿತ್ತು, ಆಗ ಬೇರೆ 8 ಲಕ್ಷ ಬೇಕಿರಲಿಲ್ಲ. ಆದರೆ ನಾಳೆ ನನಗೇನಾದರೂ ಆದರೆ ಅವಳ ಅನುಮತಿಯೂ ನನ್ನ ಜೊತೆಗೇ ಮುಗಿಯುತ್ತದೆ, ನನ್ನ ಖಾತೆಯ ದುಡ್ಡೂ ಕೋರ್ಟಿನ ಆದೇಶ ಬರುವವರೆಗೆ ಕೈಗೆ ಸಿಗಲ್ಲ. ದುಃಖದಲ್ಲಿ ಇರುವವಳನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ನನಗೆ ಬೇಡವಾಗಿತ್ತು. ಸ್ವಲ್ಪ ಕಷ್ಟವಾದರೂ ಅವಳ ಹೆಸರಿನಲ್ಲೇ ಖಾತೆ ತೆಗೆಸಿ, ಅವಳಿಗೆ ಅವಳದೇ ವಿಸ್ತರಣೆ ಮಾಡಿಸಿದೆ. ಇಲ್ಲಿನ ವಕೀಲರಿಂದ ಇಬ್ಬರದೂ ಉಯಿಲು ಬರೆಸಿದ್ದೇವೆ. ದಂಪತಿಯಾಗಿ ಇರುವವರು ಇದೊಂದನ್ನು ಮುಂದಕ್ಕೆ ಹಾಕಬೇಡಿ.