ಗುಜರಿಗೆ ಹಾಕುವ ಮುಂಚೆ ತುಸು ತಡೀರಿ

ಶರಣಬಸವೇಶ್ವರರ ಜಾತ್ರೆ ಬಂತೆಂದರೆ ಕಲಬುರಗಿಯ ಮನೆಗಳಲ್ಲಿ ಕೂಲರ್ ಹೊರಗೆ ಬರುತ್ತದೆ. ಬಟನ್ ಒತ್ತಿದರೆ ಪಂಪು ನೀರು ಎತ್ತುವುದಿಲ್ಲ. ಹೊಸ ಪಂಪು ತಂದು ಹಳೆಯದನ್ನು ಗುಜರಿ ಚೀಲಕ್ಕೆ ಎಸೆಯುತ್ತೇವೆ. ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ, ಬೋರಿನ ಗಡಸು ನೀರಿನ ಸುಣ್ಣ ಒಳಗಿನ ಚಕ್ರವನ್ನು ಬಿಗಿ ಹಿಡಿದಿರುತ್ತದೆ ಅಷ್ಟೇ. ಪ್ಲಗ್ ಕಿತ್ತು, ಪಂಪಿನ ಮುಂದಿನ ಜಾಲರಿ ಮುಚ್ಚಳ ತೆಗೆದು, ಚಕ್ರವನ್ನು ಹೊರಗೆ ಎಳೀರಿ. ಅದಕ್ಕೊಂದು ಅಯಸ್ಕಾಂತ ಇರುವುದರಿಂದ ತುಸು ಜಗ್ಗಿದಂತಾಗುತ್ತದೆ, ಹೆದರಬೇಡಿ. ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಚಕ್ರ, ಮುಚ್ಚಳ ಎರಡನ್ನೂ ಒಂದು ತಾಸು ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿರಿ. ಚಕ್ರ ಕೂರುವ ತೂತನ್ನು ಮರೀಬೇಡಿ, ಸುಣ್ಣ ಅಲ್ಲೇ ಹೆಚ್ಚು.

ನೀರಿಲ್ಲದೆ ತಿರುಗಿದರೆ ಮಾತ್ರ ಪಂಪು ಖರೇನೇ ಸುಡುತ್ತದೆ, ಯಾಕಂದರೆ ಅದನ್ನು ತಂಪಾಗಿಡುವುದೂ ಆ ನೀರೇ. ಪಂಪು ಪೂರ್ತಿ ಮುಳುಗಿರಲಿ. ನೀರು ಆವಿಯಾದಂತೆಲ್ಲ ಉಪ್ಪು ತಳದಲ್ಲೇ ಉಳಿಯುತ್ತದೆ, ಮೇಲೆ ಮೇಲೆ ಸುರಿದರೆ ಸಾಲದು. ವಾರಕ್ಕೊಮ್ಮೆ ಇದ್ದ ನೀರೆಲ್ಲ ಚೆಲ್ಲಿ ಹೊಸದು ತುಂಬಿರಿ. ಮಳೆ ಹಿಡಿದ ಮೇಲೆ ಒಣಗಿಸಿ, ಅರಿವೆ ಮುಚ್ಚಿ ಇಟ್ಟರೆ ಬರುವ ವರ್ಷ ಈ ತಾಪತ್ರಯ ಇಲ್ಲ.

ಫ್ಯಾನ್ ನಿಧಾನ ತಿರುಗುತ್ತಿದ್ದರೆ, ಅಥವಾ ಕೋಲಿನಿಂದ ರೆಕ್ಕೆ ದೂಡಿದರೆ ಮಾತ್ರ ಶುರುವಾಗುತ್ತಿದ್ದರೆ, ಹೋಗಿರುವುದು ಸಾಮಾನ್ಯವಾಗಿ ಕಂಡೆನ್ಸರ್, ಅಂದರೆ ಫ್ಯಾನ್ ತಿರುಗಲು ಶುರುವಿನ ನೂಕು ಕೊಡುವ ಪುಟ್ಟ ಡಬ್ಬಿ. ಮನೆಯ ಫ್ಯಾನಿಗೆ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್‌ನದೇ ಇರುತ್ತದೆ, ಆದರೂ ಹಳೆಯದರ ಮೇಲೆ ಬರೆದ ಅಂಕಿ ನೋಡಿಯೇ ತನ್ನಿ. ಹೆಚ್ಚಿನದು ಹಾಕಿದರೆ ಜೋರು ತಿರುಗೀತು ಎನ್ನುವ ಆಸೆಯಲ್ಲಿ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಹಾಕುವಾಗ ಮೇನ್ ಸ್ವಿಚ್ ಆಫ್ ಇರಲಿ, ಗೋಡೆಯ ಬಟನ್ ನಂಬಬೇಡಿ. ಗರಗರ ಸದ್ದು ಬಂದರೆ ಅದು ಬೇರಿಂಗ್. ತಾಮ್ರದ ಕಾಯಿಲ್ ಇರುವ ಹಳೇ ಫ್ಯಾನ್‌ನ ಬೇರಿಂಗ್ ಬದಲಿಸುವುದು, ಕಾಯಿಲ್ ಸುತ್ತಿಸುವುದು ಎರಡೂ ದುಡ್ಡಿಗೆ ಮೋಸವಿಲ್ಲದ ಕೆಲಸ.

ಇನ್ವರ್ಟರ್ ಬ್ಯಾಟರಿಗೆ ನಮ್ಮ ಬೇಸಿಗೆಯೇ ವೈರಿ. ಮಾರ್ಚಿನಿಂದ ಜೂನ್ ತನಕ ತಿಂಗಳಿಗೊಮ್ಮೆ, ಉಳಿದ ದಿನ ಎರಡು ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿರಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಆರ್‌ಒ ನೀರು ನಡೀತದೆ ಎನ್ನುವವರ ಮಾತು ಕೇಳಬೇಡಿ, ಅದರಲ್ಲೂ ಉಪ್ಪಿನಂಶ ಉಳಿದಿರುತ್ತದೆ, ಒಳಗಿನ ತಗಡು ಹಾಳಾಗುತ್ತದೆ. ಮೇಲಿನ ಗೆರೆ ದಾಟಿಸಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಫರಶಿ ಕಲೆಯಾಗುತ್ತದೆ. ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿಯನ್ನು ಇನ್ವರ್ಟರ್ ಬಂದ್ ಮಾಡಿ, ಬಿಸಿನೀರಿನಲ್ಲಿ ಕಲಸಿದ ಅಡುಗೆ ಸೋಡಾದಿಂದ ಒರೆಸಿ, ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಬ್ಯಾಟರಿ ಪೂರ್ತಿ ಸತ್ತರೆ ಆಸಿಡ್ ಗಟಾರಕ್ಕೆ ಸುರಿಯದೆ ಹಾಗೇ ಅಂಗಡಿಗೆ ಕೊಡಿರಿ. ಒಳಗಿನ ಸೀಸಕ್ಕೆ ಬೆಲೆ ಇದೆ, ಹೊಸದರ ದರದಲ್ಲಿ ಕಳೆದುಕೊಡುತ್ತಾರೆ.

ರಿಮೋಟ್‌ನಲ್ಲಿ ಸೆಲ್ ಸೋರಿದ್ದರೆ ರಿಮೋಟ್ ಎಸೆಯಬೇಡಿ. ಅಲ್ಕಲೈನ್ ಸೆಲ್ಲಿನ ಬಿಳಿ ಪುಡಿಗೆ ಹತ್ತಿಕಡ್ಡಿಯಲ್ಲಿ ಎರಡು ಹನಿ ಲಿಂಬೆರಸ ಹಚ್ಚಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಮೊಬೈಲ್ ಚಾರ್ಜ್ ಹಿಡಿಯದಿದ್ದರೆ, ಆಫ್ ಮಾಡಿ ಪಿನ್ ಕೂರುವ ತೂತಿನ ಧೂಳು, ನೂಲನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೀರಿ. ಸೂಜಿ ಬೇಡ. ಬಿಸಿಲಲ್ಲಿ ನಿಂತ ಬೈಕು, ಟ್ರ್ಯಾಕ್ಟರ್ ಮೇಲೆ ಫೋನ್ ಬಿಡುವುದು ಬ್ಯಾಟರಿಯ ಆಯುಷ್ಯ ಕಡಿದಂತೆ. ಬ್ಯಾಟರಿ ಉಬ್ಬಿ ಹಿಂದಿನ ಕವರ್ ಎದ್ದಿದ್ದರೆ ಚಾರ್ಜ್ ಹಚ್ಚಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಣ ಉಸುಕು ಹಾಕಿದ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ, ಉರಿಯುವ ಸಾಮಾನಿನಿಂದ ದೂರ ಇಟ್ಟು ರಿಪೇರಿಯವರಿಗೆ ಮುಟ್ಟಿಸಿರಿ. ಹಳೇ ಫೋನನ್ನು ಅಲಮಾರಿಯಲ್ಲಿ ವರ್ಷಗಟ್ಟಲೆ ಇಟ್ಟು ಪೂಜೆ ಮಾಡುವುದಕ್ಕಿಂತ, ನಡೆಯುವಾಗಲೇ ಯಾರಿಗಾದರೂ ಕೊಡುವುದು ಮೇಲು. ಕೊಡುವ ಮುಂಚೆ ಗೂಗಲ್ ಖಾತೆಯನ್ನು ತೆಗೆದು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಖಾತೆ ಹಾಗೇ ಉಳಿದರೆ ಫೋನ್ ಲಾಕಾಗಿ ತೆಗೆದುಕೊಂಡವರಿಗೆ ಕಲ್ಲು ಕೊಟ್ಟಂತಾಗುತ್ತದೆ. ಸಿಮ್, ಮೆಮೊರಿ ಕಾರ್ಡ್ ತೆಗೆದಿಡಿ.

ಏನು ಮಾಡಿದರೂ ಬದುಕದ ಸಾಮಾನಿಗೆ ಬೇರೆ ದಾರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಮರುಬಳಕೆಯ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗಲೇ ಹಳೆಯದನ್ನು ಒಯ್ಯುತ್ತೀರಾ ಎಂದು ಕೇಳಿರಿ. ಇಲ್ಲವಾದರೆ ಓಣಿಯ ನಾಲ್ಕು ಮನೆಯವರು ಕೂಡಿ ಒಂದು ಡಬ್ಬದಲ್ಲಿ ಕೂಡಿಸಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇದ್ದವರಿಗೇ ಒಮ್ಮೆಲೇ ಕೊಡಿರಿ. ಮೊಬೈಲ್ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ ಹಾಕಿ, ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತುತ್ತದೆ. ಟ್ಯೂಬ್‌ಲೈಟ್ ಒಳಗೆ ಪಾದರಸ ಇರುವುದರಿಂದ ಅದನ್ನು ಹೊಸ ಟ್ಯೂಬಿನ ರಟ್ಟಿನ ಕವಚದಲ್ಲಿ ಬೇರೆಯಾಗಿ ನಿಲ್ಲಿಸಿರಿ; ಒಡೆದರೆ ಫ್ಯಾನ್ ಆಫ್ ಮಾಡಿ ಕಿಟಕಿ ತೆರೆದು, ಕಸಬರಿಗೆ ಮುಟ್ಟದೆ ರಟ್ಟಿನಿಂದ ಬಳಿದು, ಉಳಿದ ಪುಡಿಯನ್ನು ಹಸಿ ಕಾಗದದಿಂದ ಒರೆಸಿ ಗಾಜಿನ ಬಾಟಲಿಗೆ ಹಾಕಿರಿ. ಇನ್ನು ತಾಮ್ರದ ಆಸೆಗೆ ವೈರ್ ಸುಡುವ ಹುಡುಗರು ಓಣಿಯಲ್ಲಿ ಕಂಡರೆ ಕರೆದು ಹೇಳಿರಿ: ಆ ಪ್ಲಾಸ್ಟಿಕ್ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇದೆ, ಚಾಕುವಿನಿಂದ ಸುಲಿದರೂ ಅದೇ ತಾಮ್ರ ಸಿಗುತ್ತದೆ, ಸುಟ್ಟದ್ದಕ್ಕಿಂತ ಒಂದಿಷ್ಟು ಹೆಚ್ಚೇ ದರಕ್ಕೆ ಹೋಗುತ್ತದೆ.